ಬಾಗಿಲಾ ತಗದಿಟ್ರಷ್ಟೇ ಸಾಲಿ ಆಗಂಗಿಲ್ಲ

ಶೇಂಗಾ ಹಿಂಡಿ, ಉಪ್ಪಿನಕಾಯಿ, ಹಬ್ಬದ ಹೋಳಿಗಿ ಅಂತ ಬರಕೋತ ಬಂದೀನಿ. ಈ ಸಲ ಒಬ್ಬ ಮಾಸ್ತರ ಕತಿ ಹೇಳ್ತೀನಿ. ಕಟ್ಟಿದ ಕತಿ ಅಲ್ಲ, ನಡದದ್ದು. ಓದಿದ ಮ್ಯಾಲ ನಿಮಗ ಅನಸ್ತದ, ಇದರಾಗೂ ಅರ್ಧ ಅಡಗಿ ಮನಿ ಮಾತೇ ಅದ ಅಂತ.

ಮಾಸ್ತರ ಹೆಸರು ಕುದ್ಮುಲ್ ರಂಗರಾವ್. ಮಂಗಳೂರು ಕಡೆಯವರು. ನಮ್ಮ ರಾಯಚೂರ ಮಂದಿಗೆ ಈ ಹೆಸರು ಅಷ್ಟು ಗೊತ್ತಿಲ್ಲ. ನಮಗ ಗೊತ್ತಿರೋದು ಪಂಡಿತ ತಾರಾನಾಥರು. ಅವರೂ ಹುಟ್ಟಿದ್ದು ಮಂಗಳೂರಾಗೇ, ನಿಜಾಮರ ಕಾಲದಾಗ ನಮ್ಮ ಊರಿಗೆ ಬಂದು ಹಮ್‌ದರ್ದ್ ಸಾಲಿ ಕಟ್ಟಿದವರು. ಅವರು ಇನ್ನೂ ಕೂಸು ಇದ್ದಾಗ, ಅದೇ ಮಂಗಳೂರಾಗ ರಂಗರಾಯರು ದಲಿತರ ಮಕ್ಕಳಿಗೆ ಸಾಲಿ ತಗದಿದ್ರು.

ಮೊದಲು ಆಗಿನ ಕಾಲ ಹೆಂಗಿತ್ತು ಅಂಬೋದು ತಿಳೀಬೇಕು. 1856ರಾಗ ಧಾರವಾಡದ ಸರಕಾರಿ ಸಾಲಿಗೆ ಸೇರಸ್ಕೋರಿ ಅಂತ ಒಬ್ಬ ಮಹಾರ ಹುಡುಗ ಅರ್ಜಿ ಹಾಕಿದ. ಸೇರಸ್ಕೊಳ್ಳಲಿಲ್ಲ. ಹುಡುಗ ಸುಮ್ಮನ ಕೂಡಲಿಲ್ಲ, ಮುಂಬೈ ಸರಕಾರಕ್ಕ ಬರದ. ಆ ಸರಕಾರ ಅಂದದ್ದೇನು? ಒಬ್ಬ ಹುಡುಗನ ಸಲುವಾಗಿ ಉಳಿದ ಜಾತಿಯವರ ಮನಸು ಕೆಡಿಸಾಕ ಆಗೂದಿಲ್ಲ ಅಂಬೋ ಅರ್ಥದಾಗ ಉತ್ತರ ಕೊಟ್ಟಿತು. ಈ ಮಾತು ಇಂಗ್ಲೆಂಡಿನ ತನಕ ಹೋತು. ಅಲ್ಲಿಯ ದೊಡ್ಡ ಸಾಹೇಬರು, ಸರಕಾರದ ಸಾಲಿ ಎಲ್ಲಾ ಜಾತಿಗೂ ತೆರದಿರಬೇಕು ಅಂತ ಬರದು ಕಳಿಸಿದ್ರು. ಅಂದ್ರ ಕಾಗದದ ಮ್ಯಾಲ ಬಾಗಿಲಾ ತಗದಂಗಾತು. ಆದ್ರ ಕಾಗದದ ಬಾಗಿಲದಾಗ ಹಾಯ್ದು ಯಾವ ಕೂಸು ಒಳಗ ಹೋಗ್ತದ ಹೇಳ್ರಿ?

ಬಾಗಿಲದಾಗ ಹಾಯ್ದು ಒಳಗ ಹೋದವರ ಪಾಡಾದ್ರೂ ಏನಿತ್ತು? ಅಂಬೇಡ್ಕರರು ಸಣ್ಣವರಿದ್ದಾಗ ಸಾತಾರಾ ಕಡೆ ಸಾಲಿ ಕಲೀವಾಗ ಕೂಡಲಿಕ್ಕೆ ಗೋಣಿ ತಟ್ಟು ಮನಿಯಿಂದ ಒಯ್ತಿದ್ರಂತ. ಆ ತಟ್ಟು ಬ್ಯಾರೆಯವರು ಮುಟ್ಟತಿದ್ದಿಲ್ಲ. ನೀರಡಿಸಿದ್ರ ಸಾಲಿ ಜವಾನ ನಳ ತಿರುವಬೇಕು. ಜವಾನ ಬರಲಿಲ್ಲಾ, ಆ ದಿನ ನೀರಿಲ್ಲ. ಅಷ್ಟು ದೂರ ಯಾಕ? ನಾ ದೇವದುರ್ಗ ತಾಲೂಕಿನಾಗ ಸಾಲಿ ಕಲೀವಾಗ, ಅಂದ್ರ ದೇಶಕ್ಕ ಸ್ವಾತಂತ್ರ್ಯ ಬಂದು ಮೂವತ್ತು ವರ್ಷ ಆದ ಮ್ಯಾಲ, ನಮ್ಮ ವರ್ಗದಾಗ ನೀರಿನ ಕೊಡದ ಹತ್ತಿರ ಎರಡು ಸಾಲು ಇರ್ತಿದ್ವು. ಒಂದು ಸಾಲಿನವರು ಗ್ಲಾಸು ಅದ್ದಿ ಕುಡೀತಿದ್ರು. ಇನ್ನೊಂದು ಸಾಲಿನವರು ಬೊಗಸಿ ಒಡ್ಡತಿದ್ರು, ಮ್ಯಾಲಿಂದ ಯಾರರ ನೀರು ಹಾಕಬೇಕು. ಹಿಂಗ ಮಾಡ್ರಿ ಅಂತ ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ. ಮಕ್ಕಳು ತಾವೇ ಸಾಲು ಮಾಡಿಕೋತಿದ್ವು. ಅದೇ ನೋಡ್ರಿ ದೊಡ್ಡ ಸಂಕಟ. ಹೇಳಿಕೊಡದೇ ಬರೋ ವಿದ್ಯಾ ಇದು.

ಈಗ ರಂಗರಾಯರ ಕಡೆ ಬರೂಣು. ಹುಟ್ಟಿದ್ದು 1859ರ ಜೂನ 29ಕ್ಕ, ಕಾಸರಗೋಡಿನಾಗ. ಸಾರಸ್ವತ ಬ್ರಾಹ್ಮಣರ ಮನಿ, ಖರೆ ದುಡ್ಡಿನ ಮನಿ ಅಲ್ಲ. ಹದಿನಾರು ವಯಸ್ಸಿನಾಗ ತಂದಿ ತೀರಿಕೊಂಡ್ರು. ಮನಿ ಭಾರ ಹೆಗಲಿಗೆ ಬಂತು. ಮಂಗಳೂರಿಗೆ ಬಂದು ತಿಂಗಳಿಗೆ 8 ರೂಪಾಯಿ ಪಗಾರದ ಮಾಸ್ತರಕಿ ಹಿಡದ್ರು. ಮಾಸ್ತರಕಿ ಮಾಡಕೋತ ತಾವೂ ಓದಿದ್ರು, ಮೆಟ್ರಿಕ್ ಪಾಸಾದ್ರು, ಆ ಮ್ಯಾಲ ವಕೀಲಿ ಪರೀಕ್ಷಾನೂ ಪಾಸಾದ್ರು. ಕೋರ್ಟಿನಾಗ ಬಡವರ ಕಡೆ ನಿಂತು ಹೆಸರು ಮಾಡಿದ್ರು. ಬ್ರಾಹ್ಮ ಸಮಾಜದ ಒಡನಾಟನೂ ಇತ್ತು. ದೇವರು ಒಬ್ಬನೇ, ಜಾತಿ ಮಾಡಿದವ ಮನುಷ್ಯಾ ಅಂಬೋ ವಿಚಾರ ಅಲ್ಲಿಂದ ಗಟ್ಟಿ ಆತು.

ವಕೀಲಿ ಒಳ್ಳೆ ನಡೀತಿತ್ತು. ಇನ್ನೊಬ್ಬರಾಗಿದ್ರ ಮನಿ ಕಟ್ಟಿಸಿ, ಹೊಲಾ ತಗೊಂಡು ಆರಾಮ ಇರ್ತಿದ್ರು. ಇವರು 1892ರಾಗ ಮಂಗಳೂರಿನ ಉರ್ವ ಚಿಲಿಂಬಿಯಾಗ ಬಾಡಿಗಿ ಮನಿ ಹಿಡದು ದಲಿತ ಮಕ್ಕಳಿಗೆ ಸಾಲಿ ಶುರು ಮಾಡಿದ್ರು.

ಮೊದಲನೇ ತೊಂದರಿ ಏನಂದ್ರ, ಕಲಸಾಕ ಮಾಸ್ತರು ಸಿಗಲಿಲ್ಲ. ಮ್ಯಾಲಿನ ಜಾತಿಯ ಮಾಸ್ತರು ಯಾರೂ ಆ ಮಕ್ಕಳ ನಡುವ ಕೂಡಾಕ ತಯಾರಿದ್ದಿಲ್ಲ. ದಲಿತರಾಗ ಓದಿದವರು ಇದ್ರ ತಾನೇ ಮಾಸ್ತರಾಗೋದು, ಅವರನ್ನ ಓದಿಸೇ ಇದ್ದಿಲ್ಲಲ್ಲ! ಕೊನೀಗೆ ರಂಗರಾಯರು ಕ್ರೈಸ್ತ ಮಾಸ್ತರನ್ನ ಕರಕೊಂಡು ಬಂದ್ರು. ಮಂಗಳೂರಾಗ ಬಾಸೆಲ್ ಮಿಷನ್ನಿನವರು 1834ರಿಂದ ಇದ್ರು. ಹಂಚಿನ ಕಾರ್ಖಾನಿ, ಛಾಪಖಾನಿ, ಸಾಲಿ ಎಲ್ಲಾ ನಡಸ್ತಿದ್ರು. ಹಂಗಾಗಿ ಕ್ರೈಸ್ತರಾಗ ಓದಿದವರು ಸಿಗ್ತಿದ್ರು. ಊರವರ ವಿರೋಧ ಅಂತೂ ತಪ್ಪಲಿಲ್ಲ. ಸಾಲಿ ಒಂದೇ ಕಡೆ ನಿಲ್ಲಲಿಲ್ಲ, ಜಾಗಾ ಬದಲಿಸಬೇಕಾತು. ಆದ್ರ ಒಂದು ಕಡೆ ಮುಚ್ಚಿಸಿದ್ರ ಇನ್ನೊಂದು ಕಡೆ ತಗದ್ರು.

ಎರಡನೇ ತೊಂದರಿ ನಮ್ಮಂಥ ಹೆಣಮಕ್ಕಳಿಗೆ ಬಲು ಲಗೂನ ತಿಳೀತದ. ಸಾಲಿ ಅದ, ಮಾಸ್ತರು ಅದಾರ, ಮಕ್ಕಳೇ ಬರವಲ್ವು. ಯಾಕ? ಸಾಹುಕಾರನ ದನಾ ಕಾಯೋ ಹುಡುಗನಿಗೆ ಅಲ್ಲೇ ಒಂದು ಹೊತ್ತಿನ ಗಂಜಿ ಸಿಗ್ತದ. ಸಣ್ಣ ಕೂಸಿನ್ನ ಎತ್ತಿಕೊಂಡು ಕೂಡೋ ಹುಡುಗಿ ಇದ್ರ ಅವರವ್ವ ಕೂಲಿಗೆ ಹೋಗ್ತಾಳ. ಅಂಥ ಹುಡುಗ ಹುಡುಗಿ ಸಾಲಿಗೆ ಹೋದ್ರ ಮನ್ಯಾಗ ಒಂದು ಹೊಟ್ಟಿ ಊಟ ಹೆಚ್ಚು ಆಗ್ತದ, ಒಂದು ಕೂಲಿ ಕಡಿಮಿ ಆಗ್ತದ. ಓದಿದ್ರ ಹತ್ತು ವರ್ಷದ ಮ್ಯಾಲ ನೌಕರಿ ಸಿಗ್ತದ ಅಂತ ಹೇಳಬಹುದು. ಒಲಿ ಹತ್ತಬೇಕಾದದ್ದು ಇವತ್ತಿನ ಸಂಜಿಗೆ. ತಂದಿ ತಾಯಿಗೆ ಓದಿನ ಬೆಲಿ ಗೊತ್ತಿಲ್ಲ ಅಂತ ನಾವು ಸಸಾರ ಮಾಡಿ ಮಾತಾಡತೀವಿ. ಅವರಿಗೆ ಓದಿನ ಬೆಲಿ ಬರೋಬ್ಬರಿ ಗೊತ್ತಿತ್ತು. ಆ ಬೆಲಿ ಕೊಡಾಕ ಕೈಯಾಗ ಇದ್ದಿಲ್ಲ, ಅಷ್ಟೇ.

ರಂಗರಾಯರು ಇದಕ್ಕ ಭಾಷಣ ಮಾಡಲಿಲ್ಲ. ಮಕ್ಕಳನ್ನ ಸಾಲಿಗೆ ಕಳಿಸಿದ ಮನಿಯವರಿಗೆ ದಿನಕ್ಕ ಇಷ್ಟು ಅಂತ ಪುಡಿಕಾಸು ಕೊಟ್ರು. ಸಾಲಿಯಾಗ ಮಧ್ಯಾಹ್ನ ಊಟಾ ಹಾಕಿಸಿದ್ರು. ಅವ್ವ ಅಪ್ಪ ಕೇಳೋ ಮೊದಲನೇ ಪ್ರಶ್ನಿಗೆ ಮೊದಲು ಉತ್ತರ ಕೊಟ್ರು, ಆ ಮ್ಯಾಲ ಪಾಟಿ ಬಳಪ ಕೈಗೆ ಕೊಟ್ರು. ಮಕ್ಕಳು ಬರಾಕ ಹತ್ತಿದ್ವು.

ಈ ಮಾತು ಓದಿದಾಗ ನನಗ ನಮ್ಮ ಅಕ್ಷರ ದಾಸೋಹ ನೆನಪಾತು. ನಮ್ಮ ರಾಜ್ಯದಾಗ ಸಾಲಿಯಾಗ ಬಿಸಿ ಊಟ ಶುರು ಆಗಿದ್ದು 2002ರಾಗ, ಅದೂ ಮೊದಲು ಹಿಂದುಳಿದ ಏಳು ಜಿಲ್ಲಾದಾಗ. ಅದರಾಗ ನಮ್ಮ ರಾಯಚೂರೂ ಒಂದು. ಆಗ ನಾವು ಮಾನ್ವಿಯಾಗ ಇದ್ವಿ. ಬರೇ ಹೆಸರು ಹಚ್ಚಿ ಮನ್ಯಾಗ ಕೂತಿದ್ದ ಎಷ್ಟೋ ಮಕ್ಕಳು ತಾಟು ಹಿಡಕೊಂಡು ಸಾಲಿಗೆ ಓಡಿದ್ದು ನಾವು ಕಣ್ಣಾರೆ ನೋಡೀವಿ. ಊಟದ ಆಸೆಕ್ಕ ಬರ್ತಾವ ಅಂತ ನಕ್ಕವರೂ ಇದ್ರು. ಬರಲಿ ಬಿಡ್ರಿ, ಅನ್ನಕ್ಕ ಬಂದ ಕೂಸಿಗೆ ಅಕ್ಷರ ಹತ್ತಂಗಿಲ್ಲ ಅಂತ ಯಾರು ಹೇಳ್ಯಾರ? 1892ರಾಗ ಸಾಲಿ ತಗದ ಒಬ್ಬ ವಕೀಲರಿಗೆ ತಿಳದ ಮಾತು ನಮ್ಮ ತನಕ ಬರಾಕ ನೂರಾ ಹತ್ತು ವರ್ಷ ಹಿಡೀತು. ಅಡಗಿ ಮಾಡಾಕಿ ಯಾವ ಜಾತಿ ಅಂತ ಕೇಳಿ ತಮ್ಮ ಮಕ್ಕಳಿಗೆ ಬುತ್ತಿ ಕಟ್ಟಿ ಕಳಿಸಿದ ಸುದ್ದಿನೂ ಪೇಪರಿನಾಗ ಆಗಾಗ ಓದೀವಿ. ಅನ್ನ ಬಂತು, ಆ ಎರಡು ಸಾಲು ಇನ್ನೂ ಪೂರಾ ಹೋಗಿಲ್ಲ.

ರಂಗರಾಯರು 1897ರಾಗ ಈ ಕೆಲಸಕ್ಕ ಒಂದು ಸಂಸ್ಥಾ ಮಾಡಿದ್ರು, ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಅಂತ. ನಮ್ಮ ಜಮಖಂಡಿಯಾಗ ಹುಟ್ಟಿದ ವಿಠ್ಠಲ ರಾಮಜಿ ಶಿಂದೆ ಅವರು ಮುಂಬೈಯಾಗ ಇಂಥದೇ ಹೆಸರಿನ ಸಂಸ್ಥಾ ಮಾಡಿದ್ದು 1906ರಾಗ, ಅಂದ್ರ ಒಂಬತ್ತು ವರ್ಷ ತಡಾ. ಮಂಗಳೂರ ಸುತ್ತಮುತ್ತ, ಉಡುಪಿ ಕಡೆಗೂ ಸಾಲಿ ಆದ್ವು. ಬರೇ ಓದು ಅಲ್ಲ, ನೇಯ್ಗಿ, ಬಡಗಿ ಕೆಲಸ ಕಲಸಿದ್ರು. ದೂರದ ಮಕ್ಕಳಿಗೆ ಇರಾಕ ಹಾಸ್ಟೆಲ್ಲು ಮಾಡಿದ್ರು. ಜಾಗಾ ಸಂಪಾದಿಸಿ ಮನಿ ಇಲ್ಲದವರಿಗೆ ಮನಿ ಮಾಡಿಕೊಟ್ರು. ಕೊರಗರು ಅಂತ ಆ ಕಡೆ ಕಾಡಿನ ಅಂಚಿನಾಗ ಬುಟ್ಟಿ ಹೆಣಕೊಂಡು ಬದುಕೋ ಜನ ಅದಾರ. ದಲಿತರಾಗೂ ಅವರನ್ನ ಕೆಳಗ ಇಡ್ತಿದ್ರು. ಅವರನ್ನೂ ಬಿಡಲಿಲ್ಲ.

ಇಷ್ಟಾದ ಮ್ಯಾಲ ಅವರ ಜಾತಿಯವರು ಸುಮ್ಮನ ಕೂತಾರೇನು? ಬಹಿಷ್ಕಾರ ಹಾಕಿದ್ರು. ಬಹಿಷ್ಕಾರ ಅಂಬೋ ಶಬ್ದ ಪುಸ್ತಕದಾಗ ಒಂದೇ ಸಾಲಿನಾಗ ಮುಗೀತದ. ಮನ್ಯಾಗ ಹಂಗ ಮುಗಿಯಂಗಿಲ್ಲ. ಆಗಿನ ಕಾಲದಾಗ ಬಹಿಷ್ಕಾರ ಬಿದ್ದ ಮನಿಗೆ ಅರಿಷಿಣ ಕುಂಕುಮಕ್ಕ ಯಾರೂ ಕರೀತಿದ್ದಿಲ್ಲ. ಹಬ್ಬಕ್ಕ ಪುರೋಹಿತ ಬರ್ತಿದ್ದಿಲ್ಲ. ಹೆಣ್ಣು ತಗೋತಿದ್ದಿಲ್ಲ, ಕೊಡತಿದ್ದಿಲ್ಲ. ಸತ್ರ ಹೊರಾಕ ನಾಕು ಮಂದಿ ಸಿಗ್ತಿದ್ದಿಲ್ಲ. ಗಂಡಸು ಕೋರ್ಟಿಗೆ ಹೋಗ್ತಾನ, ನಾಕು ಮಂದಿ ಜೋಡಿ ಮಾತಾಡ್ತಾನ. ಹೊಸಲಿನ ಒಳಗ ದಿನಾ ಅದನ್ನ ಉಣ್ಣಾಕಿ ಮನಿ ಹೆಣ್ಣಮಗಳು. ರಂಗರಾಯರ ಹೆಂಡತಿ ರುಕ್ಮಿಣಿಯವರು ಗಂಡನ ಜೋಡಿ ನಿಂತ್ರು. ಇತಿಹಾಸ ಬರಿಯೋರು ಅವರ ಬಗ್ಗೆ ಬರದದ್ದು ಬಲು ಕಡಿಮಿ. ನಾ ಮಾತ್ರ ಆ ಮಿಷನ್ನಿನ ಅರ್ಧ ಪಾಲು ಅವರದು ಅಂತ ತಿಳಕೊಂಡೀನಿ.

ಅವರ ಮಗಳು ರಾಧಾಬಾಯಿ. ಆಕಿ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಾಗ, ಮುಂದ ಆಕ್ಸ್‌ಫರ್ಡಿನಾಗೂ ಓದಿದ್ಲು. 1912ರಾಗ ಬ್ಯಾರೆ ಜಾತಿಯ, ತಮಿಳು ಜಮೀನದಾರ ಮನೆತನದ ಡಾ. ಪಿ. ಸುಬ್ಬರಾಯನ್ ಅವರ ಜೋಡಿ ಲಗ್ನ ಆತು. 1930ರಾಗ ಲಂಡನ್ನಿನಾಗ ದುಂಡು ಮೇಜಿನ ಪರಿಷತ್ತು ನಡೀತಲ್ಲ, ಅದಕ್ಕ ಹಿಂದೂಸ್ಥಾನದಿಂದ ಹೋದ ಇಬ್ಬರು ಹೆಣಮಕ್ಕಳೊಳಗ ರಾಧಾಬಾಯಿ ಒಬ್ಬಾಕಿ. 1938ರಾಗ ದಿಲ್ಲಿಯ ಕೌನ್ಸಿಲ್ ಆಫ್ ಸ್ಟೇಟ್ ಅಂಬೋ ಸಭಾಕ್ಕ ಆರಿಸಿ ಹೋದ ಮೊದಲ ಹೆಣ್ಣಮಗಳೂ ಆಕಿನೇ. ಆಕಿ ಮಗ ಜನರಲ್ ಕುಮಾರಮಂಗಲಂ ಮುಂದ ನಮ್ಮ ದೇಶದ ಸೇನಾ ಮುಖ್ಯಸ್ಥರಾದ್ರು. ಜಾತಿ ಕೆಡಸ್ಕೊಂಡ್ರ ವಂಶ ಹಾಳಾಗ್ತದ ಅಂಬೋರಿಗೆ ಇದಕ್ಕಿಂತ ಉತ್ತರ ಬೇಕೇನ್ರಿ?

ಈಗ ಒಂದು ಸಲ ಕಡಲ ದಾಟಿ ಅಮೆರಿಕಕ್ಕ ಹೋಗಿ ಬರೂಣು. ಯಾಕಂದ್ರ ಅದೇ ಹೊತ್ತಿನಾಗ ಅಲ್ಲೂ ಇಂಥದೇ ನಡೀತಿತ್ತು. ಅಲ್ಲಿ ಜಾತಿ ಬದಲು ಬಣ್ಣ. ಕರಿಯರನ್ನ ಗುಲಾಮಗಿರಿಯಿಂದ ಬಿಟ್ಟಿದ್ರು, ಆದ್ರ ಜೋಡಿ ಕೂಡಿಸಿಕೊಳ್ಳಲಿಲ್ಲ. ರೈಲಿನ ಡಬ್ಬಿ ಬ್ಯಾರೆ, ನೀರಿನ ನಳ ಬ್ಯಾರೆ, ಸಾಲಿ ಬ್ಯಾರೆ. ಬ್ಯಾರೆ ಕೂಡಿಸಿದ್ರ ತಪ್ಪಲ್ಲ, ಸೌಲತ್ತು ಸಮ ಇದ್ರ ಸಾಕು ಅಂತ 1896ರಾಗ ಅಲ್ಲಿಯ ದೊಡ್ಡ ಕೋರ್ಟೇ ಹೇಳಿಬಿಡ್ತು. ಸಮ ಅಂತೂ ಎಂದೂ ಇದ್ದಿಲ್ಲ. ಸಾಲಿಯಾಗ ಹಂಗ ಬ್ಯಾರೆ ಕೂಡಿಸೋದು ತಪ್ಪು ಅಂತ ಅದೇ ಕೋರ್ಟು ಹೇಳಿದ್ದು 1954ರಾಗ.

ಆ ನಡುವಿನ ಕಾಲದಾಗ ಒಬ್ಬ ಅಕ್ಕೋರು ಇದ್ರು. ಮೇರಿ ಮೆಕ್ಲಿಯೋಡ್ ಬೆಥೂನ್ ಅಂತ ಹೆಸರು. 1875ರಾಗ ದಕ್ಷಿಣ ಕೆರೊಲಿನಾದಾಗ ಹುಟ್ಟಿದ್ದು. ಅವ್ವ ಅಪ್ಪ ಗುಲಾಮರಾಗಿದ್ದವರು. ಹದಿನೇಳು ಮಕ್ಕಳೊಳಗ ಈಕಿ ಹದಿನೈದನೇದು. ಸಣ್ಣಾಕಿ ಇದ್ದಾಗ ಮಾಡ್ತಿದ್ದ ಕೆಲಸ ಯಾವುದು ಗೊತ್ತದೇನು? ಹತ್ತಿ ಬಿಡಸೋದು! ನಮ್ಮ ದೇವದುರ್ಗ, ಮಾನ್ವಿ ಹುಡುಗ್ಯಾರಂಗ. ಒಂದು ದಿನ ಬಿಳಿಯರ ಮನ್ಯಾಗ ಪುಸ್ತಕ ಕೈಗೆ ತಗೊಂಡಾಗ, ನಿನಗ ಓದಾಕ ಬರಂಗಿಲ್ಲ, ಕೆಳಗ ಇಡು ಅಂತ ಆ ಮನಿ ಹುಡುಗಿ ಅಂದ್ಲಂತ. ಆ ಮಾತು ಈಕಿಗೆ ನಾಟಿತು. ಮೈಲಿಗಟ್ಟಲೆ ನಡಕೊಂಡು ಹೋಗಿ ಸಾಲಿ ಕಲ್ತು ಅಕ್ಕೋರಾದ್ಲು.

1904ರಾಗ ಫ್ಲೋರಿಡಾದ ಡೇಟೋನಾ ಊರಾಗ ಕರಿಯ ಹುಡುಗ್ಯಾರಿಗೆ ಸಾಲಿ ಶುರು ಮಾಡಿದಾಗ ಕೈಯಾಗ ಇದ್ದದ್ದು ಒಂದೂವರಿ ಡಾಲರ್, ಬಂದ ಹುಡುಗ್ಯಾರು ಐದು ಮಂದಿ. ಬೆಂಚಿನ ಬದಲು ಸಾಮಾನಿನ ಕಟಗಿ ಪೆಟ್ಟಿಗಿ. ಪೆನ್ಸಿಲ್ಲಿನ ಬದಲು ಸುಟ್ಟ ಕಟಗಿ ಚೂರು. ಶಾಯಿ ಬದಲು ಕಾಡಿನ ಹಣ್ಣು ಹಿಂಡಿದ ರಸ. ಸಾಲಿ ನಡಸಾಕ ರೊಕ್ಕ ಬೇಕಲ್ಲ, ಸಿಹಿ ಗೆಣಸಿನ ತಿನಸು ಮಾಡಿ ರೈಲು ಹಳಿ ಕೆಲಸದವರಿಗೆ ಮಾರಿದ್ಲು. ನಾವು ಗೆಣಸಿನ ಹೋಳಿಗಿ ಮಾಡ್ತೀವಲ್ಲ, ಹಂಗ ಒಳಗ ಗೆಣಸಿನ ಹೂರಣ ಇರೋ ತಿನಸು ಅದು. ಆ ಗೆಣಸಿನ ಸಾಲಿ ಮುಂದ ಕಾಲೇಜಾತು, ಇವತ್ತಿಗೂ ಯೂನಿವರ್ಸಿಟಿಯಾಗಿ ನಡದದ.

ಮಂಗಳೂರಿನ ವಕೀಲರು, ಡೇಟೋನಾದ ಅಕ್ಕೋರು. ಒಬ್ಬರ ಹೆಸರು ಒಬ್ಬರು ಕೇಳಿದ್ರೋ ಇಲ್ಲೋ. ಆದ್ರ ಇಬ್ಬರೂ ಹಿಡದ ದಾರಿ ಒಂದೇ. ಅರ್ಜಿ ಬರದು, ಕೋರ್ಟಿನ ಮಾತು ಬದಲಾಗಲಿ ಅಂತ ಕಾದು ಕೂಡಲಿಲ್ಲ. ಇವತ್ತು ಈ ಕೂಸು ಸಾಲಿಗೆ ಬರಾಕ ಅಡ್ಡ ಏನದ ಅಂತ ನೋಡಿದ್ರು. ಅನ್ನ ಅಡ್ಡ ಇದ್ರ ಅನ್ನ ಹಾಕಿದ್ರು, ಕೂಲಿ ಅಡ್ಡ ಇದ್ರ ಕೂಲಿ ತುಂಬಿದ್ರು, ರೊಕ್ಕ ಇಲ್ಲಂದ್ರ ಒಲಿ ಮುಂದ ಕೂತು ಗಳಿಸಿದ್ರು. ಒಂದು ಫರಕೂ ಅದ, ಅದನ್ನ ಮುಚ್ಚಿಡಬಾರದು. ಬೆಥೂನ್ ಅಕ್ಕೋರು ತಮ್ಮ ಮಂದಿಯ ಸಲುವಾಗಿ ತಾವೇ ಎದ್ದು ನಿಂತಾಕಿ. ರಂಗರಾಯರು ಮ್ಯಾಲಿಂದ ಕೆಳಗ ಇಳದು ಬಂದವರು. ಇಳದು ಬಂದವರ ಹೆಸರು ಲಗೂನ ದೊಡ್ಡದಾಗ್ತದ, ಒಳಗಿಂದ ಎದ್ದವರ ಹೆಸರು ಮರತು ಹೋಗ್ತದ. ರಂಗರಾಯರಿಗೆ ಇದರ ಅರಿವಿತ್ತು ಅಂತ ಕಾಣ್ತದ. ಅಂಗಾರ ಮಾಸ್ತರು, ಗೋವಿಂದ ಮಾಸ್ತರು ಅಂತ ಇಬ್ಬರು ದಲಿತರನ್ನ ಜಿಲ್ಲಾ ಬೋರ್ಡಿಗೆ, ಮುನಿಸಿಪಾಲ್ಟಿಗೆ ಸದಸ್ಯರಾಗಿ ಮಾಡಿಸಿದ್ರು. ತಾವೇ ಕೂತು ಅವರ ಪರವಾಗಿ ಮಾತಾಡಲಿಲ್ಲ, ಕುರ್ಚಿ ಬಿಟ್ಟುಕೊಟ್ರು. ಮಾಸ್ತರು ಅಂಬೋ ಶಬ್ದ ಆ ಇಬ್ಬರ ಹೆಸರಿಗೂ ಅಂಟಿಕೊಂಡದ, ಗಮನಿಸಿದ್ರೇನು? ಕಲಸಾಕ ಯಾರೂ ಸಿಗದ ಓಣಿಯಾಗೇ ಮಾಸ್ತರು ತಯಾರಾದ್ರು.

ಕಡೀ ದಿನದಾಗ ರಂಗರಾಯರು ಸನ್ಯಾಸ ತಗೊಂಡ್ರು, ಈಶ್ವರಾನಂದ ಅಂತ ಹೆಸರಾತು. 1928ರ ಜನವರಿ 30ಕ್ಕ ತೀರಿಕೊಂಡ್ರು. ತಮ್ಮ ಅಂತ್ಯಕ್ರಿಯಾ ಬೀದಿ ಬಳಿಯೋ ತೋಟಿ ಜನರ ಕೈಲೆ ಆಗಬೇಕು ಅಂತ ಮೊದಲೇ ಹೇಳಿಟ್ಟಿದ್ರು, ಹಂಗೇ ಆತು. ಬಹಿಷ್ಕಾರ ಬಿದ್ದವನಿಗೆ ಹೊರಾಕ ನಾಕು ಮಂದಿ ಸಿಗಂಗಿಲ್ಲ ಅಂತಿದ್ರಲ್ಲ, ಅವರಿಗೆ ತಮಗ ಬೇಕಾದವರೇ ಸಿಕ್ರು. 1934ರಾಗ ಗಾಂಧೀಜಿ ಮಂಗಳೂರಿಗೆ ಬಂದಾಗ ಅವರ ಸಂಸ್ಥಾಕ್ಕ ಹೋಗಿ ಬಂದ್ರು. ಈಗ ಮಂಗಳೂರಿನ ಪುರಭವನಕ್ಕ ಕುದ್ಮುಲ್ ರಂಗರಾವ್ ಅಂತಲೇ ಹೆಸರದ. ನಂದಿಗುಡ್ಡೆಯಾಗ ಅವರ ಸಮಾಧಿ ಅದ. ಧರ್ಮಸ್ಥಳ, ಕಟೀಲು ಅಂತ ಆ ಕಡೆ ಹೋದವರು ಒಂದು ತಾಸು ಅಲ್ಲಿಗೂ ಹೋಗಿ ಬರ್ರಿ.

ಇದನ್ನ ಈಗ ಯಾಕ ಬರದೆ ಅಂದ್ರ, ಹತ್ತಿ ಬಿಡಸೋ ದಿನ ಬಂದಾವ. ಅದರ ಹಿಂದೇ ಮೆಣಸಿನಕಾಯಿ. 2011ರ ಜನಗಣತಿಯಾಗ ನಮ್ಮ ರಾಜ್ಯದಾಗ ಅಕ್ಷರ ಬಲ್ಲವರು ನೂರಕ್ಕ 75, ನಮ್ಮ ರಾಯಚೂರು ಜಿಲ್ಲಾದಾಗ ನೂರಕ್ಕ 60ಕ್ಕೂ ಸ್ವಲ್ಪ ಕಡಿಮಿ. ಬರೇ ಹೆಣಮಕ್ಕಳನ್ನ ಎಣಿಸಿದ್ರ ಅರ್ಧನೂ ಮುಟ್ಟಲಿಲ್ಲ. ಸಾಲಿ ಎಲ್ಲಾ ಊರಾಗ ಅದಾವ, ಬಾಗಿಲಾ ತೆರದೇ ಅದಾವ. ಅಸ್ಪೃಶ್ಯತಾ ಇಲ್ಲ ಅಂತ 1950ರಾಗ ಸಂವಿಧಾನದ 17ನೇ ಕಲಮಿನಾಗ ಬರದಾರ. ಆದ್ರೂ ಹತ್ತಿ ಹೊಲದಾಗ ಯಾವ ಓಣಿ ಹುಡುಗ್ಯಾರು ಇರ್ತಾರ, ಸಾಲಿ ಬೆಂಚಿನ ಮ್ಯಾಲ ಯಾವ ಓಣಿಯವರು ಇರ್ತಾರ ಅಂತ ನಮಗ ನಿಮಗ ಕೇಳದೇ ಗೊತ್ತದ.

ನಮ್ಮ ಓಣಿಯಾಗ ಮನಿಗೆಲಸಕ್ಕ ಬರೋ ಒಬ್ಬ ತಂಗಿ ಅದಾಳ. ಆಕಿ ದೊಡ್ಡ ಮಗಳು ಏಳನೇತ್ತ. ಸಣ್ಣ ಕೂಸಿನ್ನ ನೋಡಕೊಳ್ಳಾಕ ಅಂತ ವಾರದಾಗ ಮೂರು ದಿನ ಸಾಲಿ ತಪ್ಪಸ್ತಿದ್ಲು. ಅಕ್ಕೋರು ಎರಡು ಸಲ ಮನಿಗೆ ಬಂದು ಹೇಳಿ ಹೋದ್ರು. ಹೇಳಿದ್ರ ಕೂಸು ಎಲ್ಲಿ ಹೋಗಬೇಕು? ದಸರಾ ಆದ ಮ್ಯಾಲ ನಾವು ನಾಕು ಮನಿಯವರು ಪಾಳಿ ಮಾಡಿಕೊಂಡೀವಿ. ಆಕಿ ಕೆಲಸ ಮುಗಿಸೋ ತನಕ ಕೂಸು ಸೋಮವಾರ ನಮ್ಮ ಮನ್ಯಾಗ, ಮಂಗಳವಾರ ಎದುರು ಮನ್ಯಾಗ. ಊಟಾನೂ ನಮ್ಮ ಮಕ್ಕಳ ಜೋಡಿನೇ, ಅದೇ ತಾಟಿನಾಗ. ಮೊದಲನೇ ದಿನ ಒಬ್ಬ ದೊಡ್ಡಮ್ಮ ಮುಖ ಸಣ್ಣದು ಮಾಡಿದ್ರು. ಈಗ ಅವರೇ ಆ ಕೂಸಿಗೆ ಹಾಲು ರೊಟ್ಟಿ ಮಿದ್ದು ತಿನ್ನಸ್ತಾರ. ಹುಡುಗಿ ದಿನಾ ಸಾಲಿಗೆ ಹೊಂಟಾಳ.

ನಿಮ್ಮ ಓಣಿಯಾಗ ಯಾರು ಬೆಂಚು ಬಿಟ್ಟು ಹೊಲಕ್ಕ ಹೊಂಟಾರ, ಯಾಕ ಹೊಂಟಾರ ಅಂತ ಒಂದು ಸಲ ಕೇಳಿ ನೋಡ್ರಿ. ಕೇಳಿದ್ರ ಅಡ್ಡ ಏನದ ಅಂತ ಅವರೇ ಹೇಳ್ತಾರ. ಬಹಳ ಸಲ ಅದು ನಾವು ನೀಗಿಸಬಹುದಾದಷ್ಟೇ ಸಣ್ಣದಿರ್ತದ. ಮುಂದಿನ ಸಲ ಗೆಣಸಿನ ಹೋಳಿಗಿ ಮಾಡೋದು ಬರೀತೀನಿ. ಎಲ್ಲಾರೂ ಕೇಳೇ ಕೇಳ್ತೀರಿ, ಗೊತ್ತದ.